ಲಕ್ಷ್ಮಣನೆಂಬ ಸೀಮೆಗರು

ಕಳೆದ ತಿಂಗಳು ಕಣ್ಣು ತೋರಿಸಿಕೊಳ್ಳಲು ಜಕ್ಕೂರಿನ ಕಡೆ ಹೋಗಿದ್ದೆ. ಕಾರು ನಿಲ್ಲಿಸಲು ಜಾಗ ಸಿಗದೆ ಮಗಳು ಹಳೇ ಊರಿನ ಓಣಿಯೊಳಕ್ಕೆ ತಿರುಗಿಸಿದಳು. ಎತ್ತರದ ಅಪಾರ್ಟ್‌ಮೆಂಟುಗಳ ಬೆನ್ನಿಗೆ ಇನ್ನೂ ನಾಲ್ಕಾರು ಹೆಂಚಿನ ಮನೆಗಳು ಉಳಿದಿವೆ. ಅದರಲ್ಲೊಂದು ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಯಾರೋ ದನಗಳಿಗೆಂದು ಹುರುಳಿ ಬೇಯಿಸುತ್ತಿದ್ದರು. ಆ ಬಿಸಿ ವಾಸನೆ ಕಿಟಕಿಯಿಂದ ಒಳಗೆ ಬಂತು. ತಲೆ ತಗ್ಗಿಸಿ ಕೂತೆ. "ಯಾಕಪ್ಪ, ತಲೆ ಸುತ್ತುತ್ತಾ?" ಎಂದು ಮಗಳು ಕೇಳಿದಳು. ಇಲ್ಲ ಎಂದೆ. ನಾನು ತಲೆ ತಗ್ಗಿಸಿದ್ದು ಬೇರೆ ಕಾರಣಕ್ಕೆ. ಅದನ್ನು ಅವಳಿಗೆ ಹೇಳಲಿಲ್ಲ. ಅವಳ ತಾಯಿ ಬದುಕಿದ್ದಾಗ ಆಕೆಗೂ ಹೇಳಿರಲಿಲ್ಲ.

ಅರವತ್ತರ ದಶಕದ ಮೊದಲಲ್ಲಿ ನಾನು ಯಲಹಂಕದ ಒಂದು ಪಶು ಕೇಂದ್ರಕ್ಕೆ ಸ್ಟಾಕ್‌ಮನ್ ಆಗಿ ಬಂದೆ. ಮಾಗಡಿ ಕಡೆಯವನು, ಇಪ್ಪತ್ಮೂರು ವರ್ಷ, ಮದುವೆಯಾಗಿರಲಿಲ್ಲ. ಜನ ನನ್ನನ್ನು ಕರೆಯುತ್ತಿದ್ದದ್ದು ದನದ ಕಾಂಪೌಂಡರ್ ಎಂದು. ಕೇಂದ್ರ ಎಂದರೆ ಬಳ್ಳಾರಿ ರಸ್ತೆಯ ಪಕ್ಕದಲ್ಲಿ ಎರಡು ಕೋಣೆ, ಮುಂದೆ ದನ ಕಟ್ಟಲು ಮರದ ಚೌಕಟ್ಟು, ಒಂದು ಬೇವಿನ ಮರ. ವಾರಕ್ಕೆ ಮೂರು ದಿನ ಬೆಳಿಗ್ಗೆ ಸೈಕಲ್ ತುಳಿದು ಹೆಬ್ಬಾಳದ ಹತ್ತಿರ ಹೋರಿಗಳನ್ನು ಸಾಕಿದ್ದ ಜಾಗಕ್ಕೆ ಹೋಗಬೇಕು. ಅಲ್ಲಿ ಸಣ್ಣ ಗಾಜಿನ ಕೊಳವೆಗಳಲ್ಲಿ ಹೋರಿಯ ಬೀಜ ತುಂಬಿ, ಐಸು ಹಾಕಿದ ಥರ್ಮಾಸಿನಲ್ಲಿಟ್ಟು ಕೊಡುತ್ತಿದ್ದರು. ಅದನ್ನು ತಂದು, ಬೆದೆಗೆ ಬಂದ ಹಸುಗಳಿಗೆ ಕೊಡುವುದು ನನ್ನ ಕೆಲಸ. ಊರಿನವರ ಮಾತಿನಲ್ಲಿ 'ಸೂಜಿ ಹಾಕೋದು'.

ಕೊಳವೆಗಳಲ್ಲಿ ಎರಡು ಜಾತಿ. ಒಂದು ನಮ್ಮ ಹಳ್ಳಿಕಾರ್ ಹೋರಿಯದು. ಇನ್ನೊಂದು ಜರ್ಸಿಯದು, ಜನ ಅದನ್ನು ಸೀಮೆ ಬೀಜ ಅನ್ನುತ್ತಿದ್ದರು. ಹಳ್ಳಿಕಾರ್ ಹಸು ಹಾಲು ಕೊಡುವುದು ಒಂದೆರಡು ಸೇರು. ಆದರೆ ಅದರ ಹೊಟ್ಟೆಯಲ್ಲಿ ಹುಟ್ಟಿದ ಗಂಡುಗರು ಬೆಳೆದರೆ ಗಾಡಿಗೆ, ನೇಗಿಲಿಗೆ, ನೀರೆತ್ತುವ ಕಪಿಲೆ ಬಾವಿಗೆ ಅಂಥ ಎತ್ತು ಇನ್ನೊಂದಿಲ್ಲ. ಸೀಮೆ ಬೀಜಕ್ಕೆ ಹುಟ್ಟಿದ ಹೆಣ್ಣುಗರು ಬೆಳೆದರೆ ಹಾಲೇ ಹಾಲು. ಗಂಡು ಹುಟ್ಟಿದರೆ ಏನು ಎಂಬ ಪ್ರಶ್ನೆಯನ್ನು ನಮಗೆ ತರಬೇತಿಯಲ್ಲಿ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ತಿಂಗಳಿಗೆ ಇಷ್ಟು ಸೀಮೆ ಕೊಳವೆ ಖರ್ಚಾಗಬೇಕೆಂದು ನಮ್ಮ ಡಾಕ್ಟರು ಗೋಡೆಗೆ ಪಟ್ಟಿ ಅಂಟಿಸಿದ್ದರು. ಹಾಲು ಮಾರುವವರು ಕೇಳಿ ತೆಗೆದುಕೊಳ್ಳುತ್ತಿದ್ದರು. ಹೊಲ ಉಳುವವರು ಬೇಡ ಅನ್ನುತ್ತಿದ್ದರು.

ಜಕ್ಕೂರಿನ ಅಕ್ಕಯ್ಯಮ್ಮ ಉಳುವವಳು. ನಲವತ್ತೈದು ದಾಟಿದ ಹೆಂಗಸು, ಗಂಡ ತೀರಿಹೋಗಿ ಏಳೆಂಟು ವರ್ಷ, ಮಕ್ಕಳಿಲ್ಲ. ಗಂಡನ ಪಾಲಿಗೆ ಬಂದ ಎರಡು ಎಕರೆ ಹೊಲವನ್ನು ತಾನೇ ನಿಂತು ರಾಗಿ, ಅವರೆ ಬೆಳೆಸುತ್ತಿದ್ದಳು. ಆದರೆ ಮನೆಯಲ್ಲಿ ಜೋಡಿ ಎತ್ತಿರಲಿಲ್ಲ. ಮೈದುನ ನಂಜಪ್ಪನ ಎತ್ತುಗಳಿಗೆ ಕಾಯಬೇಕು. ನಂಜಪ್ಪ ಮೊದಲು ತನ್ನ ಹೊಲ, ಆಮೇಲೆ ಬಾಡಿಗೆಗೆ ಕರೆದವರ ಹೊಲ, ಕೊನೆಗೆ ಅತ್ತಿಗೆಯ ಹೊಲ ಉಳುತ್ತಿದ್ದ. ಅಷ್ಟು ಹೊತ್ತಿಗೆ ಭೂಮಿಯ ಹದ ಹೋಗಿರುತ್ತಿತ್ತು. "ಹೊಲ ನಮಗೇ ಬಿಟ್ಟು ಎರಡೊತ್ತು ಊಟ ಮಾಡ್ಕೊಂಡಿರು" ಎಂದು ಅವನು ಪ್ರತಿವರ್ಷ ಹೇಳುತ್ತಿದ್ದನಂತೆ.

ಅವಳ ಬಳಿ ಇದ್ದದ್ದು ಗೌರಿ ಎಂಬ ಒಂದು ಅಪ್ಪಟ ಹಳ್ಳಿಕಾರ್ ಹಸು. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬು, ಸಣ್ಣ ಮುಖ. ಊರಿನಲ್ಲಿದ್ದ ಹೋರಿಗೆ ಅದು ಒಂದು ಗಂಡುಗರು ಹಾಕಿತ್ತು. ಅಕ್ಕಯ್ಯಮ್ಮ ಅದಕ್ಕೆ ರಾಮ ಎಂದು ಹೆಸರಿಟ್ಟಿದ್ದಳು. ಆ ಕರುವನ್ನು ನೋಡಲು ದೇವನಹಳ್ಳಿ ಕಡೆಯಿಂದ ದಲ್ಲಾಳಿಗಳು ಬಂದು, ಬೆನ್ನಿನ ಸುಳಿ ನೋಡಿ, ಕೊಡ್ತೀಯಾ ಎಂದು ಕೇಳಿ ಹೋಗಿದ್ದರು. ಅವಳು ಕೊಡಲಿಲ್ಲ. ಅದೇ ಹಸುವಿಗೆ ಇನ್ನೊಂದು ಗಂಡು ಹುಟ್ಟಿದರೆ ತನ್ನದೇ ಜೋಡಿ ಆಗುತ್ತದೆ ಎಂಬ ಲೆಕ್ಕ ಅವಳದು. ಹುಟ್ಟದ ಆ ಕರುವಿಗೆ ಆಗಲೇ ಲಕ್ಷ್ಮಣ ಎಂಬ ಹೆಸರಿತ್ತು. ಅಷ್ಟರಲ್ಲಿ ಊರಿನ ಹೋರಿ ಸತ್ತಿತು. ನಾನು ಸೈಕಲ್ಲಿನಲ್ಲಿ ಹೋಗುವಾಗ ಅವಳ ಮನೆ ಮುಂದೆ ನಿಂತು, "ಸರ್ಕಾರದ ಹೋರಿ ಇನ್ನೂ ಒಳ್ಳೆ ತಳಿ ಅಮ್ಮ, ನಮ್ಮಲ್ಲಿಗೆ ಹೊಡ್ಕೊಂಡು ಬನ್ನಿ" ಎಂದು ನಾಲ್ಕು ಸಲ ಹೇಳಿದ್ದೆ.

ಅವಳು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಹೆಬ್ಬಾಳದಿಂದ ವಾಪಸ್ಸು ಬರುವಾಗ ಬ್ಯಾಟರಾಯನಪುರದ ಹತ್ತಿರ ಸೈಕಲ್ ಹಳ್ಳಕ್ಕಿಳಿದು ಥರ್ಮಾಸು ಉರುಳಿತ್ತು. ತೆಗೆದು ನೋಡಿದರೆ ಹಳ್ಳಿಕಾರ್ ಕೊಳವೆ ಒಡೆದಿತ್ತು. ಸೀಮೆಯ ಕೊಳವೆ ಮಾತ್ರ ಉಳಿದಿತ್ತು. ಕೇಂದ್ರಕ್ಕೆ ಬಂದಾಗ ಅಕ್ಕಯ್ಯಮ್ಮ ಗೌರಿಯನ್ನು ಮರಕ್ಕೆ ಕಟ್ಟಿ ಕುಳಿತಿದ್ದಳು. ಬೆಳಿಗ್ಗೆಯಿಂದ ಹೊಡೆದುಕೊಂಡು ಬಂದಿದ್ದಳು, ಸೀರೆಯ ಅಂಚು ಮೊಣಕಾಲುದ್ದಕ್ಕೂ ಕೆಮ್ಮಣ್ಣಾಗಿತ್ತು.

"ಕಾಂಪೌಂಡ್ರಪ್ಪ, ಅಳ್ಳಿಕಾರು ಐತೇನಪ್ಪ?" ಎಂದು ಕೇಳಿದಳು.

ಇಲ್ಲ ಎಂದರೆ ಮುಗಿಯುತ್ತಿತ್ತು. ಇಪ್ಪತ್ತೊಂದು ದಿನ ಬಿಟ್ಟು ಇನ್ನೊಂದು ಸಲ ಬರಬೇಕಾಗುತ್ತಿತ್ತು, ನನಗೆ ನಾಲ್ಕು ಬೈಗುಳ ಸಿಗುತ್ತಿತ್ತು, ಅಷ್ಟೇ. ಆದರೆ ಕೊಳವೆ ಒಡೆದದ್ದನ್ನು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಆ ತಿಂಗಳು ಗೋಡೆಯ ಪಟ್ಟಿಯೂ ತುಂಬಿರಲಿಲ್ಲ. ಹೆಣ್ಣುಗರು ಹುಟ್ಟಲಿ, ಹಾಲು ನೋಡಿ ಇವಳೇ ಹೊಗಳುತ್ತಾಳೆ ಎಂದು ಮನಸ್ಸಿಗೆ ಹೇಳಿಕೊಂಡೆ.

"ಐತಮ್ಮ" ಎಂದೆ.

ಕೆಲಸ ಮುಗಿಸಿದ ಮೇಲೆ ಅವಳು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಅವರೆಕಾಯಿ ನನ್ನ ಮೇಜಿನ ಮೇಲೆ ಸುರಿದು ಹೋದಳು.

ಗೌರಿ ಗಂಡುಗರುವನ್ನೇ ಹಾಕಿತು. ಹುಟ್ಟಿದ ಮಾರನೆಯ ದಿನ ನನಗೆ ಹೇಳಿಕಳಿಸಿದಳು. ಹೋಗಿ ನೋಡಿದೆ. ಕೆಂಪು ಮೈ, ಅಗಲ ಹಣೆ, ದೊಡ್ಡ ಕಿವಿ, ಕಣ್ಣಿನ ಸುತ್ತ ಕಪ್ಪು. ಬೆನ್ನ ಮೇಲೆ ಡುಬ್ಬದ ಸುಳಿವೇ ಇಲ್ಲ, ಹಲಗೆ ಇಟ್ಟ ಹಾಗೆ ಚಪ್ಪಟೆ. ಕೊಟ್ಟಿಗೆಯ ಬಾಗಿಲಲ್ಲಿ ನಂಜಪ್ಪ ಮತ್ತು ಊರಿನ ಇಬ್ಬರು ನಿಂತಿದ್ದರು. ಅವರ ಜತೆ ಪಿಳ್ಳಪ್ಪನೂ ಇದ್ದ.

ಪಿಳ್ಳಪ್ಪ ಆ ಊರಿನ ದನ ಕಾಯುವವನು. ಐವತ್ತರ ಆಸುಪಾಸಿನ ಒಂಟಿ ಮನುಷ್ಯ. ಬೆಳಿಗ್ಗೆ ಮನೆಮನೆಯಿಂದ ದನ ಬಿಡಿಸಿಕೊಂಡು ಕೆರೆಯ ಅಂಗಳಕ್ಕೂ, ಪುಟ್ಟ ವಿಮಾನಗಳು ಹಾರುತ್ತಿದ್ದ ಮೈದಾನದ ಬೇಲಿಯ ಪಕ್ಕಕ್ಕೂ ಹೊಡೆದುಕೊಂಡು ಹೋಗಿ, ಸಂಜೆ ವಾಪಸ್ಸು ತರುತ್ತಿದ್ದ. ದನಕ್ಕಿಷ್ಟು ಎಂದು ರಾಗಿ ಕೊಡುತ್ತಿದ್ದರು. ಅದೇ ಅವನ ಜೀವನ. ಆ ಮೈದಾನದ ಆಚೆ ಮಿಲಿಟರಿಯಿಂದ ನಿವೃತ್ತರಾದ ಒಬ್ಬರು ಬಂಗಲೆ ಕಟ್ಟಿಕೊಂಡು ಸೀಮೆ ಹಸು, ಒಂದು ಸೀಮೆ ಹೋರಿ ಸಾಕಿದ್ದರು.

ಅಕ್ಕಯ್ಯಮ್ಮ ಕರುವಿನ ಬೆನ್ನ ಮೇಲೆ ಕೈಯಾಡಿಸಿ ನನ್ನ ಕಡೆ ತಿರುಗಿದಳು. "ನೀನು ಆಕಿದ್ದು ಅಳ್ಳಿಕಾರೇ ತಾನೆ?"

"ಹೌದಮ್ಮ."

"ಅಂಗಾದ್ರೆ ಇದೆಂಗಾಯ್ತು?"

ನಂಜಪ್ಪ ನಕ್ಕ. "ಎಂಗಾಯ್ತು ಅಂದ್ರೆ? ಪಿಳ್ಳಪ್ಪ ಮರದ ಕೆಳಗೆ ಮಲಗವ್ನೆ, ಬಂಗಲೆ ಹೋರಿ ಬೇಲಿ ದಾಟಿ ಬಂದೈತೆ. ದನ ಕಾಯೋನ್ನ ಕಾಯೋಕೆ ಇನ್ನೊಬ್ಬ ಬೇಕು."

"ಇಲ್ಲ ಕಣಮ್ಮ, ದೇವರಾಣೆ. ಆ ಓರಿ ಒಂದ್ ದಿನಾನೂ ಬೇಲಿ ದಾಟಿಲ್ಲ" ಎಂದ ಪಿಳ್ಳಪ್ಪ. ಅಕ್ಕಯ್ಯಮ್ಮ ಅವನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಓದಿದವನು, ಸರ್ಕಾರದವನು, ನನ್ನ ಮಾತಿಗೆ ಕಾಯುತ್ತಿದ್ದಳು. "ಅಂಗಾಗಿರಬೌದಾ?" ಎಂದು ಕೇಳಿದಳು.

"ಇರಬಹುದು" ಎಂದೆ.

ಒಂದೇ ಪದ. ಮಾರನೆಯ ದಿನ ಅವಳು ಗೌರಿಯನ್ನು ಪಿಳ್ಳಪ್ಪನ ಜತೆ ಬಿಡಲಿಲ್ಲ. ಆ ವಾರದಲ್ಲಿ ಮತ್ತೆರಡು ಮನೆಯವರು ಬಿಡಲಿಲ್ಲ. ಹಳ್ಳಿಕಾರ್ ಹಸು ಇದ್ದವರೆಲ್ಲ ತಮ್ಮ ದನಗಳನ್ನು ತಾವೇ ಮೇಯಿಸತೊಡಗಿದರು. ಆ ತಿಂಗಳು ಕಳೆಯುವಷ್ಟರಲ್ಲಿ ಪಿಳ್ಳಪ್ಪನ ಹಿಂದೆ ಏಳೆಂಟು ಮುದಿ ಎಮ್ಮೆಗಳು ಉಳಿದಿದ್ದವು. ಒಂದು ದಿನ ಅವನೇ ಊರಲ್ಲಿ ಇರಲಿಲ್ಲ. ಗೊರಗುಂಟೆಪಾಳ್ಯದ ಇಟ್ಟಿಗೆ ಗೂಡಿಗೆ ಹೋದನಂತೆ ಎಂದು ಯಾರೋ ಹೇಳಿದರು. ನಾನು ಕೇಳಿಸಿಕೊಂಡೆ.

ಆದರೆ ನಾನು ಹೇಳಬೇಕೆಂದಿರುವುದು ಆ ಕರು ನೊಗಕ್ಕೆ ಬಂದ ವರ್ಷದ ಮಾತು. ಯಲಹಂಕದಲ್ಲಿ ಅದೇ ನನ್ನ ಕೊನೆಯ ಮುಂಗಾರು.

ಡುಬ್ಬವಿಲ್ಲದಿದ್ದರೂ ಅಕ್ಕಯ್ಯಮ್ಮ ಅದನ್ನು ಲಕ್ಷ್ಮಣ ಎಂದೇ ಕರೆದಳು. ಊರಿನವರು ಸೀಮೆಯ 'ದೊರೆ' ಎಂದು ಕರೆದರು. ತನಗೆ ರಾಗಿ ಕಡಿಮೆಯಾದರೂ ಅದಕ್ಕೆ ಹುರುಳಿ ಬೇಯಿಸಿ ಹಾಕುತ್ತಿದ್ದಳು. ಎರಡೂವರೆ ವರ್ಷಕ್ಕೇ ಅದು ರಾಮನಿಗಿಂತ ತೂಕವಾಗಿ, ದುಂಡಗೆ ಬೆಳೆಯಿತು. ಸಾಧು ಪ್ರಾಣಿ. ನಾನು ಹೋದರೆ ಮುಂಗೈ ನೆಕ್ಕುತ್ತಿತ್ತು. ನಾನು ಬೇಕೆಂದೇ ಆ ದಾರಿ ಬಿಟ್ಟು ಹೋಗುತ್ತಿದ್ದೆ.

ಮುಂಗಾರಿನ ಎರಡನೇ ಮಳೆ ಬಿದ್ದ ಮೇಲೆ ಅವಳು ರಾಮ-ಲಕ್ಷ್ಮಣರಿಗೆ ನೊಗ ಕಟ್ಟಿದಳು. ಅವಳ ತೌರಿನ ಕಡೆಯ ಒಬ್ಬ ನೇಗಿಲು ಹಿಡಿದಿದ್ದ. ನನ್ನನ್ನು ಕರೆಸಿದ್ದಳು, ನೀನೂ ಒಂದು ಸಲ ನೋಡು, ನೀನು ಹಾಕಿದ್ದಲ್ಲದಿದ್ದರೂ ನಿನ್ನ ಕೈ ಒಳ್ಳೆಯದು ಎಂದಿದ್ದಳು. ಆ ಮಾತು ಹೊತ್ತುಕೊಂಡು ನಾನು ಹೊಲದ ಬದುವಿನ ಮೇಲೆ ನಿಂತಿದ್ದೆ.

ಎತ್ತಿನ ಶಕ್ತಿಯೆಲ್ಲ ಡುಬ್ಬದ ಮುಂದೆ ನೊಗ ಕೂರುವ ಜಾಗದಲ್ಲಿದೆ. ಎಳೆದಾಗ ನೊಗ ಡುಬ್ಬಕ್ಕೆ ಒತ್ತಿ ನಿಲ್ಲುತ್ತದೆ, ಎತ್ತು ಮೈಭಾರವನ್ನೆಲ್ಲ ಅದರ ಮೇಲೆ ಹಾಕುತ್ತದೆ. ರಾಮ ಮೊದಲ ಸಾಲಿನಲ್ಲೇ ತಲೆ ತಗ್ಗಿಸಿ ನಡೆಯಿತು. ಲಕ್ಷ್ಮಣನ ಬೆನ್ನಿನಲ್ಲಿ ನೊಗಕ್ಕೆ ಆನಿಕೆಯೇ ಇರಲಿಲ್ಲ. ಎಳೆದಷ್ಟೂ ಅದು ಹಿಂದಕ್ಕೆ ಜಾರಿತು, ನೊಗಕ್ಕೆ ಕಟ್ಟಿದ ಕಣ್ಣಿಹಗ್ಗ ಕುತ್ತಿಗೆ ಬಿಗಿಯಿತು. ನೇಗಿಲು ಹಿಡಿದವನು ನೊಗದ ಕೆಳಗೆ ಗೋಣಿತಾಟು ಮಡಚಿ ಕಟ್ಟಿದ. ಸ್ವಲ್ಪ ದೂರ ಹೋಯಿತು, ಮತ್ತೆ ಜಾರಿತು. ಪಾಪ, ಅದು ಮೊಂಡು ಹಿಡಿಯಲಿಲ್ಲ, ಕರೆದಾಗಲೆಲ್ಲ ಎಳೆಯಿತು. ಹತ್ತು ಗಂಟೆಯ ಬಿಸಿಲು ಏರಿದಾಗ ನಾಲಗೆ ಹೊರಹಾಕಿ, ಬಾಯಲ್ಲಿ ನೊರೆ ಸುರಿಸುತ್ತ ಸಾಲಿನಲ್ಲೇ ಕುಸಿದು ಕೂತಿತು. ಪಕ್ಕದಲ್ಲಿ ರಾಮ ಬೆವರೂ ಇಲ್ಲದೆ ನಿಂತಿತ್ತು. ಆಚೆ ಹೊಲದಲ್ಲಿ ನಂಜಪ್ಪ ತನ್ನ ಎತ್ತು ನಿಲ್ಲಿಸಿ ನೋಡುತ್ತಿದ್ದ.

"ಅತ್ತಿಗೆ, ದೊರೆ ಸುಸ್ತಾದ್ರು. ಬೀಸಣಿಗೆ ತರಿಸ್ಲಾ?" ಎಂದು ಕೂಗಿದ.

ಅಕ್ಕಯ್ಯಮ್ಮ ಬಂದು ಕರುವಿನ ಪಕ್ಕ ಕೂತಳು. ಕಣ್ಣಿ ಬಿಚ್ಚಿದಳು. ಕುತ್ತಿಗೆಯ ಮೇಲೆ ಅಂಗೈ ಅಗಲ ಚರ್ಮ ಕಿತ್ತು ಬಂದಿತ್ತು. ಆ ದಿನದಿಂದ ಇಪ್ಪತ್ತು ದಿನ ನಾನು ಹೋಗಿ ಆ ಗಾಯ ತೊಳೆದು ಮುಲಾಮು ಹಚ್ಚಿದೆ. ಪ್ರತಿದಿನ ಅವಳು ಕೈ ತೊಳೆಯಲು ಬಿಸಿನೀರು ಕೊಡುತ್ತಿದ್ದಳು, ಕುಡಿಯಲು ಮಜ್ಜಿಗೆ. ಪ್ರತಿದಿನ ಇವತ್ತು ಹೇಳುತ್ತೇನೆ ಎಂದುಕೊಂಡು ಹೋಗುತ್ತಿದ್ದೆ. ಮಜ್ಜಿಗೆ ಕುಡಿದು ಬರುತ್ತಿದ್ದೆ. ಆ ವರ್ಷವೂ ಅವಳ ಹೊಲವನ್ನು ನಂಜಪ್ಪನೇ ಕೊನೆಗೆ ಉತ್ತ.

ಗಾಯ ಮಾಯುವ ಹೊತ್ತಿಗೆ ಭಾಷಾ ಸಾಹೇಬರು ಬಂದರು. ಅವರು ಯಲಹಂಕದವರೇ, ಕಂಟೋನ್ಮೆಂಟಿನ ಮಾಂಸದ ಅಂಗಡಿಗಳಿಗೆ ದನ ಕೊಂಡು ಕೊಡುವ ವ್ಯಾಪಾರ. ಬಿಳಿ ಗಡ್ಡ, ಮೆಲು ಮಾತು. ಯಾರ ಮನೆಗೂ ತಾವಾಗಿ ಹೋಗಿ ದನ ಕೇಳುತ್ತಿರಲಿಲ್ಲ. ಕರೆದರೆ ಮಾತ್ರ ಹೋಗುತ್ತಿದ್ದರು. ಅಕ್ಕಯ್ಯಮ್ಮನೇ ಹೇಳಿಕಳಿಸಿದ್ದಳು. ಆ ಕರು ಕೊಟ್ಟು, ರಾಮನಿಗೆ ಸರಿಜೋಡಿಯಾದ ಒಂದು ಎಳೆಯ ಹೋರಿ ತರಬೇಕೆಂದು ತೀರ್ಮಾನಿಸಿದ್ದಳು. ಎಷ್ಟು ದಿನ ಅಳುತ್ತ ಕೂತು ಆ ತೀರ್ಮಾನಕ್ಕೆ ಬಂದಳೋ ನನಗೆ ಗೊತ್ತಿಲ್ಲ. ಅವಳ ಕಣ್ಣುಗಳು ಊದಿದ್ದವು.

ಭಾಷಾ ಸಾಹೇಬರು ಚಪ್ಪಲಿ ಹೊರಗೆ ಬಿಟ್ಟು ಕೊಟ್ಟಿಗೆಗೆ ಬಂದರು. ಮೊದಲು ರಾಮನ ಮುಂದೆ ನಿಂತು ನೋಡಿ, "ಮಾಷಾ ಅಲ್ಲಾ, ಏನ್ ಚೆಂದ ಇದೆ" ಎಂದರು. ಆಮೇಲೆ ಲಕ್ಷ್ಮಣನ ಬಳಿ ಹೋಗಿ ಬಾಲದ ಬುಡ ಒತ್ತಿದರು, ಪಕ್ಕೆಯ ಮೇಲೆ ಅಂಗೈ ಇಟ್ಟರು, ಹಿಂದಿನ ತೊಡೆಯನ್ನು ಎರಡೂ ಕೈಯಲ್ಲಿ ಅಳೆದರು. ಅವಳು ಒಳಗೆ ಹೋದಾಗ ನನ್ನ ಕಡೆ ತಿರುಗಿದರು.

"ಸಾರ್, ಈ ಎರಡೂ ಒಂದೇ ತಾಯಿದು. ರಾಮನ್ನ ನನಗೆ ಕೊಟ್ರೆ ನಾನು ಕೊಡೋದು ಚರ್ಮಕ್ಕೆ, ಎಲುಬಿಗೆ. ಹಳ್ಳಿಕಾರ್ ಮೈಯಲ್ಲಿ ಬರೀ ನರ, ಎಷ್ಟ್ ಬೇಯಿಸಿದ್ರೂ ಗಟ್ಟಿ. ಅದರ ಬೆಲೆ ಎಲ್ಲಾ ಹೆಗಲಲ್ಲಿ ಇದೆ. ಘಾಟಿ ದನದ ಜಾತ್ರೆಗೆ ಹೊಡ್ಕೊಂಡ್ ಹೋದ್ರೆ ಜನ ಮುತ್ಕೊಳ್ತಾರೆ. ಈ ಕೆಂಪಂದು ನೋಡಿ. ಬೆನ್ನು ಅಗಲ, ತೊಡೆ ತುಂಬ. ಮೂರು ವರ್ಷ ತುಂಬಿಲ್ಲ, ಐದು ವರ್ಷದ ಮಾಂಸ ಕಟ್ಟಿದೆ. ಮೆತ್ತಗೆ ಬೇಯತ್ತೆ. ಕಂಟೋನ್ಮೆಂಟ್‌ನೋರು ಇಂಥದೇ ಕೇಳ್ತಾರೆ. ರೈತನ ಹತ್ರ ಇದಕ್ಕೆ ಮೂರು ಕಾಸಿಲ್ಲ, ನನ್ ಹತ್ರ ಇದಕ್ಕೇ ಜಾಸ್ತಿ. ಎಲ್ಲಾ ಅಪ್ಪನ ಕಡೆಯಿಂದ ಬಂದಿದ್ದು."

ದನಿ ತಗ್ಗಿಸಿದರು. "ಬಂಗಲೆ ಹೋರಿ ನಾನು ನೋಡಿದೀನಿ ಸಾರ್. ಅದು ಕಪ್ಪು ಬಿಳುಪು. ಅದಕ್ಕೆ ಹುಟ್ಟಿದ್ರೆ ಮೈಮೇಲೆ ಎಲ್ಲಾದ್ರೂ ಒಂದು ಮಚ್ಚೆನಾದ್ರೂ ಬರ್ತಿತ್ತು. ಈ ಬಣ್ಣ ಆ ಹೋರಿದಲ್ಲ. ಇದು ನಿಮ್ಮ ಥರ್ಮಾಸಿಂದು."

ಅವರು ನನ್ನ ಮುಖ ನೋಡಿ, ಉತ್ತರ ಸಿಕ್ಕವರಂತೆ ತಲೆಯಾಡಿಸಿದರು. "ನಾನ್ಯಾರಿಗೂ ಹೇಳಲ್ಲ. ಹೇಳಬೇಕಾದೋರು ನೀವು" ಎಂದರು. ದನ ಕಡಿಸುವವರೆಂದು ಊರಿನಲ್ಲಿ ಕೆಲವರು ಅವರಿಗೆ ನೀರು ಕೊಡಲೂ ಹಿಂದೆಮುಂದೆ ನೋಡುತ್ತಿದ್ದರು. ಆ ಕೊಟ್ಟಿಗೆಯಲ್ಲಿ ನಿಂತಿದ್ದ ನಮ್ಮಿಬ್ಬರಲ್ಲಿ ಕೈ ಶುದ್ಧವಿದ್ದದ್ದು ಅವರದು.

ಆಗ ಹೊಸ ಕಾನೂನು ಬಂದಿತ್ತು. ವಯಸ್ಸಾಗದ ಹೋರಿ, ಎತ್ತುಗಳನ್ನು ಕಡಿಯಲು ಕೊಡಬೇಕಾದರೆ ಅದು ಉಳುಮೆಗೂ ತಳಿಗೂ ಬಾರದು ಎಂದು ಪಶು ಕೇಂದ್ರದಿಂದ ಚೀಟಿ ಬೇಕು. ಚೀಟಿ ತುಂಬುವವನು ನಾನು. ಡಾಕ್ಟರು ನನ್ನ ಮಾತಿನ ಮೇಲೆ ಸಹಿ ಹಾಕುತ್ತಿದ್ದರು. ಮೇಜಿನ ಮುಂದೆ ಕುಳಿತು ಬರೆದೆ. ಜಾತಿ: ಮಿಶ್ರ. ಉಳುಮೆಗೆ: ಅನರ್ಹ. ಕಾರಣ ಎಂಬ ಒಂದು ಅಂಕಣವಿತ್ತು. ಅಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಕೊನೆಗೆ 'ಹುಟ್ಟಿನಿಂದ ಬಂದ ದೋಷ' ಎಂದು ಬರೆದೆ. ಬರೆದದ್ದು ಸುಳ್ಳಲ್ಲ. ದೋಷ ಕರುವಿನದೆಂದು ಓದಿಕೊಳ್ಳುವಂತೆ ಬರೆದಿದ್ದೆ, ಅಷ್ಟೇ.

ಕರುವನ್ನು ಕರೆದೊಯ್ದ ಬೆಳಿಗ್ಗೆ ಅಕ್ಕಯ್ಯಮ್ಮ ಅದರ ಮೈ ತೊಳೆದು ಹಣೆಗೆ ಕುಂಕುಮ ಇಟ್ಟಳು. ಭಾಷಾ ಸಾಹೇಬರು ಅವಸರ ಮಾಡದೆ ಹೊರಗೆ ನಿಂತಿದ್ದರು. ವಾಡಿಕೆಯಂತೆ ಮಾರಿದ ದನದ ಜತೆ ಅವಳು ಮನೆಯ ಹಗ್ಗ ಕೊಡಲಿಲ್ಲ. ಅವರೇ ತಂದ ಹೊಸ ಹಗ್ಗ ಕಟ್ಟಿ ಹಿಡಿದುಕೊಂಡರು. ಲಕ್ಷ್ಮಣ ಯಾವ ತಕರಾರೂ ಇಲ್ಲದೆ ಅವರ ಹಿಂದೆ ನಡೆಯಿತು. ಓಣಿಯ ತಿರುವಿನಲ್ಲಿ ಒಮ್ಮೆ ಅಂಬಾ ಎಂದಿತು. ಕೊಟ್ಟಿಗೆಯಲ್ಲಿ ಗೌರಿ ಉತ್ತರ ಕೊಟ್ಟಿತು.

ಅಕ್ಕಯ್ಯಮ್ಮ ಜಗಲಿಯ ಮೇಲೆ ಕುಳಿತು, ಬಿಚ್ಚಿದ ಹಳೆಯ ಹಗ್ಗವನ್ನು ಸುತ್ತತೊಡಗಿದಳು. ನಾನು ಅವಳ ಮುಂದೆ ನಿಂತೆ.

"ಅಮ್ಮ, ಅವತ್ತು ನಾನು ಹಾಕಿದ್ದು ಹಳ್ಳಿಕಾರ್ ಅಲ್ಲ. ಆ ಕೊಳವೆ ಒಡೆದೋಗಿತ್ತು. ಸೀಮೆದು ಹಾಕ್ದೆ."

ಅವಳ ಕೈ ನಿಲ್ಲಲಿಲ್ಲ. ಹಗ್ಗ ಪೂರ್ತಿ ಸುತ್ತಿ, ಪಕ್ಕದಲ್ಲಿಟ್ಟು ಕೇಳಿದಳು. "ಗೊತ್ತಿದ್ದೂ ಆಕ್ದಾ?"

"ಗೊತ್ತಿದ್ದೂ."

"ಪಿಳ್ಳಪ್ಪನ್ನ ಅಂದಾಗ ಅಲ್ಲೇ ಇದ್ಯಲ್ಲಪ್ಪ ನೀನು."

"ಇದ್ದೆ."

ಬೈಯುತ್ತಾಳೆ, ನಂಜಪ್ಪನನ್ನು ಕೂಗುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ನನ್ಗೆ ಏಳಿದ್ರೆ ಇದು ಮುಗಿಯಲ್ಲ ಸ್ವಾಮಿ. ಓಗಿ ಅವನ್ಗೇಳಿ. ಏಳ್ಬಿಟ್ಟು ಬಂದು, ಏಳ್ದೆ ಅಂತ ನನ್ಗೊಂದ್ ಮಾತು ತಿಳಿಸಿ" ಎಂದು ಒಳಗೆ ಹೋದಳು. ಇಷ್ಟು ವರ್ಷ ನನ್ನನ್ನು ನೀನು ಎಂದು, ಕಾಂಪೌಂಡ್ರಪ್ಪ ಎಂದು ಕರೆದವಳು ಆ ದಿನ ಸ್ವಾಮಿ ಎಂದಳು, ಬಹುವಚನದಲ್ಲಿ ಮಾತಾಡಿದಳು. ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಹಗುರವಾಗುತ್ತಿತ್ತು.

ಭಾನುವಾರ ಸೈಕಲ್ ಹತ್ತಿ ಯಶವಂತಪುರ ದಾಟಿ ಗೊರಗುಂಟೆಪಾಳ್ಯಕ್ಕೆ ಹೋದೆ. ತುಮಕೂರು ರಸ್ತೆಯ ಪಕ್ಕದ ಗೂಡಿನಲ್ಲಿ ಹಸಿ ಇಟ್ಟಿಗೆ ಹೊರುತ್ತಿದ್ದವರ ಸಾಲಿನಲ್ಲಿ ಪಿಳ್ಳಪ್ಪ ಇದ್ದ. ಮೈಯೆಲ್ಲ ಕೆಂಪು ದೂಳು. ನನ್ನನ್ನು ಕಂಡವನೇ ತಲೆಯ ಮೇಲಿನ ಹೊರೆ ಇಳಿಸಿ ಓಡಿಬಂದ.

"ಸ್ವಾಮೇರು ಇಷ್ಟು ದೂರ ಬಂದ್ರಾ? ಜಕ್ಕೂರಲ್ಲಿ ಎಲ್ಲಾ ಚೆನ್ನಾಗವ್ರಾ?"

ಅಂಗಡಿಗೆ ಕರೆದುಕೊಂಡು ಹೋಗಿ, ಬೇಡವೆಂದರೂ ನನಗೆ ಟೀ ಕೊಡಿಸಿದ. ಯಾವ ಹಸು ಈದಿದೆ, ಯಾವುದು ಗಬ್ಬವಾಗಿದೆ, ಕುಂಟು ಎಮ್ಮೆಗೆ ಕಾಲು ವಾಸಿಯಾಯಿತಾ ಎಂದು ಒಂದೊಂದನ್ನೇ ಹೆಸರು ಹಿಡಿದು ಕೇಳಿದ. ಕೊನೆಗೆ, "ಅಕ್ಕಯ್ಯಮ್ಮೋರು ಇನ್ನೂ ನನ್ ಮೇಲೆ ಕೋಪವಾಗವ್ರಾ?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಮುಂದುವರಿಸಿದ.

"ಆಗ ದೇವರಾಣೆ ಇಟ್ಟೆ ಸ್ವಾಮಿ. ಇಲ್ಲಿಗೆ ಬಂದ್ಮೇಲೆ ಕೂತ್ಕೊಂಡು ಯೋಚನೆ ಮಾಡ್ದೆ. ಮಧ್ಯಾನದ ಬಿಸ್ಲಲ್ಲಿ ಯಾವತ್ತಾದ್ರೂ ಒಂದ್ ಗಳಿಗೆ ಕಣ್ಣು ಮುಚ್ಚಿರಬೌದು. ಬೇಲಿ ಎಲ್ಲಾದ್ರೂ ಕಿತ್ತಿರಬೌದು. ನಿಮ್ಮಂಥ ಓದಿರೋರೇ ಅಂಗಾಗಿರಬೌದು ಅಂದ್ರಲ್ಲ. ನಂದೇ ತಪ್ಪು ಅಂತ ಅವರ್ಗೆ ಏಳ್ಬಿಡಿ. ದೇವರಾಣೆ ಇಟ್ಟಿದ್ದೇ ನನ್ಗೆ ಮನಸ್ಸಿಗೆ ಇಡಿಸ್ತಾ ಇಲ್ಲ."

ನಾನು ಆಡಿದ ಒಂದು ಪದವನ್ನು ಅವನು ಎರಡೂವರೆ ವರ್ಷ ಹೊತ್ತುಕೊಂಡು, ತನ್ನ ನೆನಪನ್ನೇ ಅದಕ್ಕೆ ತಕ್ಕಂತೆ ತಿದ್ದಿಕೊಂಡಿದ್ದ. ಅಷ್ಟು ಕೇಳಿದ ಮೇಲೆ ಹೇಳುವುದು ಸುಲಭವಾಗಬೇಕಿತ್ತು. ಆಗಲಿಲ್ಲ. ಅವನ ಮುಖ ನನ್ನ ಕಣ್ಣೆದುರೇ ಬದಲಾಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಟೀ ಲೋಟ ಕೆಳಗಿಟ್ಟು, "ಮನಸ್ಸಿಗೆ ಹಚ್ಕೋಬೇಡ ಪಿಳ್ಳಪ್ಪ" ಎಂದು ಹೇಳಿ ಸೈಕಲ್ ಹತ್ತಿದೆ. ಹಾಗೆ ಹೇಳಿದ್ದಕ್ಕೆ ಅವನು ಕೈಮುಗಿದ.

ಮಾರನೆಯ ದಿನ ಅಕ್ಕಯ್ಯಮ್ಮನ ಬಾಗಿಲಿಗೆ ಹೋಗಿ, "ಹೇಳ್ದೆ ಅಮ್ಮ" ಎಂದೆ.

"ಏನಂದ?"

"ಆಗಿದ್ದಾಯ್ತು ಅಂದ."

ಅವಳ ಮುಖ ಸ್ವಲ್ಪ ಸಡಿಲವಾಯಿತು. "ಅಂಗೇ ಅನ್ನೋನು ಅವನು. ನಾನೂ ಓಗಿ ಕಾಲು ಇಡ್ಕೊಂಡಾದ್ರೂ ಕರ್ಕೊಂಡು ಬತ್ತೀನಿ" ಎಂದಳು. ನಾನು ಅಲ್ಲಿಂದ ಬಂದ ಮೇಲೆ ಆ ಮಾತು ನನಗೆ ಅರ್ಥವಾಯಿತು. ಅವಳು ಹೋಗುತ್ತಾಳೆ, ಅವನು ಏನೂ ತಿಳಿಯದವನಂತೆ ನಿಲ್ಲುತ್ತಾನೆ, ನನ್ನ ಎರಡನೇ ಸುಳ್ಳೂ ಆಗ ಗೊತ್ತಾಗುತ್ತದೆ. ಆ ವಾರ ಪೂರ್ತಿ ರಸ್ತೆಯಲ್ಲಿ ಹೆಜ್ಜೆ ಸದ್ದಾದರೆ ಎದ್ದು ಬಾಗಿಲಿಗೆ ಬಂದು ನೋಡುತ್ತಿದ್ದೆ. ಅವಳು ಬರಲಿಲ್ಲ. ನಂಜಪ್ಪನೂ ಬರಲಿಲ್ಲ. ಡಾಕ್ಟರಿಗೆ ಯಾವ ದೂರೂ ಹೋಗಲಿಲ್ಲ. ಪಿಳ್ಳಪ್ಪ ಊರಿಗೆ ಬಂದಿದ್ದಾನೆಂದು ಮಾತ್ರ ಕೇಳಿದೆ. ಯಾವ ಮಾತು ಹೇಳಿ ಕರೆತಂದಳು ಎಂದು ಕೇಳುವ ಮುಖ ನನಗಿರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆದು ನಿಂತಿದ್ದೆ. ಜಕ್ಕೂರಿನ ಕಡೆಯಿಂದ ಗೌರಿ ಬರುತ್ತಿತ್ತು. ಎರಡು ವರ್ಷ ಬೆದೆಗೆ ಬಾರದಿದ್ದ ಹಸು ಈಗ ಬೆದೆಗೆ ಬಂದಿದೆ ಎಂದು ಅದರ ನಡೆಯಲ್ಲೇ ಗೊತ್ತಾಗುತ್ತಿತ್ತು. ಮುಂದೆ ಹಗ್ಗ ಹಿಡಿದು ಅಕ್ಕಯ್ಯಮ್ಮ, ಹಿಂದೆ ಕೋಲು ಹಿಡಿದು ಪಿಳ್ಳಪ್ಪ. ಅವಳು ಕೇಂದ್ರದ ಕಡೆ ತಿರುಗದೆ ನೇರ ಮುಂದೆ ಹೋದಳು. ಪಿಳ್ಳಪ್ಪ ಮಾತ್ರ ನನ್ನನ್ನು ಕಂಡು ನಿಂತ.

"ಚೆನ್ನಾಗಿದೀರಾ ಸ್ವಾಮಿ? ಚಿಕ್ಕಜಾಲದಲ್ಲಿ ಒಬ್ರ ಮನೇಲಿ ಒಳ್ಳೆ ಅಳ್ಳಿಕಾರ್ ಓರಿ ಐತಂತೆ, ಅಲ್ಲಿಗೆ ಒಂಟ್ವಿ" ಎಂದ. ಆಮೇಲೆ ಹತ್ತಿರ ಬಂದು, ಸಂತೋಷ ತಡೆಯಲಾರದೆ ಹೇಳಿದ. "ಅಮ್ಮೋರೇ ಗೂಡಿಗೆ ಬಂದ್ರು ಸ್ವಾಮ್ಯಾರೆ. ತಪ್ಪೆಲ್ಲಾ ನಂದು ಪಿಳ್ಳಪ್ಪ, ಒಂದಿನ ನಾನೇ ಗೌರಿನ ಬಂಗಲೆ ಬೇಲಿ ಅತ್ರ ಕಟ್ಟಿ ಮರ್ತಿದ್ದೆ, ನಿನ್ ಮೇಲೆ ಆಕ್ಬಿಟ್ಟೆ ಅಂದ್ರು. ಊರೋರ ಮುಂದೇನೂ ಅಂಗೇ ಏಳಿದ್ರು. ನಂಜಪ್ಪನೋರು ಅವರ್ನ ಬಾಯಿಗೆ ಬಂದಂಗೆ ಅಂದ್ರು, ಅವ್ರು ಅನ್ನಿಸ್ಕೊಂಡ್ರು."

ರಸ್ತೆಯಲ್ಲಿ ಇಪ್ಪತ್ತು ಹೆಜ್ಜೆ ಮುಂದೆ ಅಕ್ಕಯ್ಯಮ್ಮ ನಮ್ಮ ಕಡೆ ಬೆನ್ನು ಹಾಕಿ ನಿಂತಿದ್ದಳು. ನಮ್ಮ ಮಾತು ಅವಳಿಗೆ ಕೇಳಿಸುತ್ತಿತ್ತು. ನಾನು ಏನಾದರೂ ಹೇಳಲಿ ಎಂದೇ ಅವಳು ನಿಂತಿದ್ದಳೆಂದು ಈಗಲೂ ನಂಬಿದ್ದೇನೆ. ಅಷ್ಟು ಹೊತ್ತು ಸಮಯ ಕೊಟ್ಟಳು.

"ಹೌದಾ" ಎಂದೆ.

"ಪಿಳ್ಳಪ್ಪ, ಬಿಸ್ಲಾಯ್ತದೆ. ಬಾ" ಎಂದಳು ಆಕೆ, ತಿರುಗಿ ನೋಡದೆ.

ಅವನು ನನಗೆ ಕೈಮುಗಿದು ಓಡುನಡಿಗೆಯಲ್ಲಿ ಹೋಗಿ ಹಸುವಿನ ಹಿಂದೆ ಸೇರಿಕೊಂಡ. ಚಿಕ್ಕಜಾಲಕ್ಕೆ ಅಲ್ಲಿಂದ ಇನ್ನೂ ಬಹಳ ದೂರವಿತ್ತು. ಮೂವರೂ ರಸ್ತೆಯ ಎಡಗಡೆ ಮರಗಳ ನೆರಳಿನಲ್ಲಿ ಸಾಲಾಗಿ ಹೋದರು. ಆ ತಿಂಗಳ ಕೊನೆಗೆ ನಾನೇ ಕೇಳಿಕೊಂಡು ಬೇರೆ ಜಿಲ್ಲೆಗೆ ವರ್ಗ ಮಾಡಿಸಿಕೊಂಡೆ. ಕೇಳಿದವರಿಗೆ ಯಲಹಂಕದ ನೀರು ಒಗ್ಗಲಿಲ್ಲ ಎಂದು ಹೇಳಿದೆ.